ಬೀರಪ್ಪನ ಕಂಕುಳಲ್ಲಿ ಮೊಸರಾದ ಮದ್ದು

ಬೆಳಗಿನ ಆರು ಗಂಟೆ. ಜೋಗಿಮಟ್ಟಿ ಬೆಟ್ಟದ ಬುಡದ ತಗಡಿನ ಕೊಟ್ಟಿಗೆಯಲ್ಲಿ ಬೀರಪ್ಪ ಕುಂಟು ಕುರಿಯೊಂದನ್ನು ತೊಡೆಗಳ ನಡುವೆ ನಿಲ್ಲಿಸಿಕೊಂಡು ಅದರ ಕಿವಿ ಬುಡ ಕೆರೆಯುತ್ತಿದ್ದಾರೆ. "ಸುಮ್ಕಿರವ್ವ, ಸೂಜಿ ನಿಂಗೇನು ಹೊಸದಾ? ಮದುವೆ ಹೆಣ್ಣಾಡ್ದಂಗೆ ಆಡ್ತೀಯಲ್ಲ!" ಕುರಿ ಮೆಲುಕು ಹಾಕುತ್ತದೆ. ಬೇರೆಯವರು ಮುಟ್ಟಿದರೆ ಒದೆಯುತ್ತದೆ.

ಹೊಳಲ್ಕೆರೆ ತಾಲ್ಲೂಕು ತಾಳ್ಯದ ಬೀರಪ್ಪ ಇಲ್ಲಿನ ಸಂಶೋಧನಾ ಕೇಂದ್ರದಲ್ಲಿ ಗುತ್ತಿಗೆ ನೌಕರ. ಚುಚ್ಚುವಾಗ ಕುರಿ ಅಲುಗದಂತೆ ನೋಡಿಕೊಳ್ಳುವುದು ಕೆಲಸ. ದಿನಕ್ಕೆ ಹತ್ತು ಹದಿನೈದು ಕುರಿ, ವಾರಕ್ಕೆ ಒಂದಾದರೂ ಒದೆ. "ಇವ್ರಿಗೆ ಆಸ್ಪತ್ರೇಲಿ ಕೆಲ್ಸ ಅಂತ ಊರಲ್ಲಿ ಹೇಳ್ಕಂಡೀನಿ. ಯಾರಿಗೆ ಆಸ್ಪತ್ರೆ ಅಂತ ಯಾರೂ ಕೇಳಿಲ್ಲ ಪುಣ್ಯಕ್ಕೆ" ಎನ್ನುತ್ತಾರೆ ಹೆಂಡತಿ ಮಲ್ಲಕ್ಕ.

ಇಲ್ಲಿ ಕುರಿಗಳ ಮೇಲೆ ಪ್ರಯೋಗದಲ್ಲಿರುವ ಮದ್ದೊಂದರ ಗುಣ ವಿಚಿತ್ರ. ಎಳೆದ ಚರ್ಮವನ್ನು ಹಿಂದಕ್ಕೆ ಸೆಳೆಯುವ ಪ್ರೋಟೀನಿನ ಮಾದರಿಯಲ್ಲಿ ಪ್ರಯೋಗಾಲಯದಲ್ಲಿ ಮಾಡಿದ್ದು. ತಣ್ಣಗಿದ್ದರೆ ನೀರು, ಮೈಶಾಖ ತಗುಲಿದರೆ ಬಿಳಿ ಮುದ್ದೆ, ತಣಿಸಿದರೆ ಮತ್ತೆ ನೀರು. ಶುದ್ಧ ಮಾಡುವುದೂ ಹೀಗೆಯೇ: ಬೆಚ್ಚಗೆ ಮಾಡಿ ಯಂತ್ರದಲ್ಲಿ ತಿರುಗಿಸಿದರೆ ಮುದ್ದೆ ತಳಕ್ಕಿಳಿಯುತ್ತದೆ, ಕೊಳೆ ನೀರಲ್ಲಿ ಉಳಿಯುತ್ತದೆ. ನೋವಿನ ಔಷಧಿ ಸೇರಿಸಿ ಮಂಡಿಗೆ ಚುಚ್ಚಿದರೆ ಅಲ್ಲೇ ಮುದ್ದೆಯಾಗಿ ಕೂತು, ವಾರಗಟ್ಟಲೆ ಔಷಧಿಯನ್ನು ಸ್ವಲ್ಪಸ್ವಲ್ಪ ಬಿಡಬೇಕೆಂಬುದು ಆಸೆ. ಯಾವ ಅಂಗಡಿಯಲ್ಲೂ ಇನ್ನೂ ಸಿಗುವುದಿಲ್ಲ. ಸಿಕ್ಕೇ ಸಿಗುತ್ತದೆಂದು ನಾನು ಪತ್ರಿಕೆಯಲ್ಲಿ ಬರೆಯುವುದೂ ಇಲ್ಲ.

ಚಳಿಯಲ್ಲಿ ಮರಿಗೆ ಮದ್ದು ಹಾಕುವ ಮುಂಚೆ ಕುರಿಗಾಹಿಗಳು ಶೀಶೆಯನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡುತ್ತಾರೆ. ಕಳೆದ ತಿಂಗಳು ಬೀರಪ್ಪ ಮಾಡಿದ್ದೂ ಅಷ್ಟೇ. ಐಸ್ ಪೆಟ್ಟಿಗೆಯಲ್ಲಿದ್ದ ಸಿರಿಂಜನ್ನು ಕಂಬಳಿಯೊಳಗೆ ಅವಚಿಕೊಂಡರು. "ಅಷ್ಟು ತಣ್ಣಂದು ಚುಚ್ಚಿದ್ರೆ ಪಾಪ ಜುಮ್ ಅನ್ನಲ್ವಾ?" ಮದ್ದು ಮೊಸರಾಯಿತು, ಸೂಜಿ ಕಟ್ಟಿತು. ಐಸಿನಲ್ಲಿಟ್ಟರೆ ತಿಳಿಯಾಗುತ್ತಿತ್ತು. ಆದರೆ ಕಂಕುಳು ನೋಡಿ ಬಂದ ಮದ್ದನ್ನು ಪ್ರಯೋಗಕ್ಕೆ ಬಳಸುವಂತಿಲ್ಲ. ಇನ್ನೊಮ್ಮೆ ಹೀಗಾದರೆ ಕೆಲಸವಿಲ್ಲ ಎಂದರು ಮುಖ್ಯಸ್ಥ ರವೀಂದ್ರ.

ಅದಾದ ಮೇಲೆ ಈ ಮದ್ದು ಚುಚ್ಚುವುದು ಇಂದೇ ಮೊದಲು. ಪಶುವೈದ್ಯೆ ಪಲ್ಲವಿ ಕುರಿಯ ಮಂಡಿಯ ಕೂದಲು ಬೋಳಿಸಿ ಸಿದ್ಧರಾಗಿದ್ದಾರೆ. ರವೀಂದ್ರ ಪೆಟ್ಟಿಗೆಯಿಂದ ಸಿರಿಂಜು ತೆಗೆದು, ಮುಷ್ಟಿಯಲ್ಲಿ ಹಿಡಿದು, ಬೀರಪ್ಪನಿಗೆ ಪಾಠ ಶುರು ಮಾಡುತ್ತಾರೆ. ಶಾಖ ಎಂದರೇನು, ಶಿಸ್ತು ಎಂದರೇನು, ಗುತ್ತಿಗೆ ಎಂದರೇನು. ಪಾಠ ಉದ್ದವಾಗುತ್ತದೆ. ಮುಷ್ಟಿ ತೆರೆದರೆ ಮದ್ದು ಬೆಳ್ಳಗಿದೆ.

"ಮತ್ತೆ ಏನ್ ಮಾಡ್ದೆ ಬೀರಪ್ಪ?"

ಬೀರಪ್ಪ ಗಾಬರಿಯಿಂದ ಕುರಿ ಬಿಟ್ಟು, ಹಿಂದೆ ಸರಿದು, ಎರಡೂ ಕೈ ಮೇಲೆತ್ತುತ್ತಾರೆ. "ನೋಡ್ಕಳ್ರಿ ಸಾರ್, ಎರಡೂ ಕಂಕುಳು ಖಾಲಿ ಅವೆ!"

"ಸಾರ್, ಅದು ನಿಮ್ಮ ಮುಷ್ಟೀಲೇ ಇತ್ತಲ್ವಾ" ಎನ್ನುತ್ತಾರೆ ಪಲ್ಲವಿ, ನಗು ತಡೆದುಕೊಂಡು.

ಬಾಗಿಲು ತೆರೆದೇ ಇದೆ. ಹಿಡಿದವರಿಲ್ಲದ ಕುರಿ ಓಡಿಹೋಗುವುದಿಲ್ಲ. ಎರಡು ಹೆಜ್ಜೆ ಕುಂಟಿ ಬಂದು ಬೀರಪ್ಪನ ಮೊಣಕಾಲಿಗೆ ಮೈ ಆನಿಸುತ್ತದೆ.

ಪಲ್ಲವಿ ಪೆಟ್ಟಿಗೆಯಿಂದ ಇನ್ನೊಂದು ಸಿರಿಂಜು ತೆಗೆದು ತಡಮಾಡದೆ ಚುಚ್ಚುತ್ತಾರೆ. ಕುರಿ ಅಲುಗುವುದಿಲ್ಲ. ರವೀಂದ್ರ ಗಂಟಲು ಸರಿಮಾಡಿಕೊಂಡು, "ನಾಳೇನೂ ಆರಕ್ಕೇ ಬಾ" ಎಂದು ಹೊರಡುತ್ತಾರೆ.

ಪತ್ರಿಕೆಯಲ್ಲಿ ನಿಮ್ಮನ್ನು ಏನೆಂದು ಬರೆಯಲಿ, ಕುರಿ ಹಿಡಿಯುವವರು ಎಂದೇ ಎಂದು ಕೇಳುತ್ತೇನೆ. ಬೀರಪ್ಪ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಾರೆ.

"ಹಿಡಿಯೋದು ಕಟುಕನೂ ಹಿಡಿತಾನ್ರಿ. ಇವ್ನ ಹತ್ರ ಕುರೀನೇ ಬಂದು ನಿಂತ್ಕಂತು ಅಂತ ಬರೀರಿ."