ಆವರೇಜು ನೋಡಲು ಹೊರಟ ಮೂರು ಗಾಡಿಗಳು

ನಮ್ಮ ಕಡೆ ಯಾರಾದರೂ ಕಾರು ಕೊಂಡರೆ ಜನ ಅದರ ಬಣ್ಣ ಕೇಳುವುದಿಲ್ಲ, ಬೆಲೆಯನ್ನೂ ಕೇಳುವುದಿಲ್ಲ. ಬಾನೆಟ್ಟಿನ ಮೇಲೆ ಕೈಯಿಟ್ಟು, "ಆವರೇಜ್ ಎಷ್ಟ ಕೊಡತೈತ್ರಿ?" ಅನ್ನುತ್ತಾರೆ. ಒಂದು ಲೀಟರ್ ಎಣ್ಣೆಗೆ ಗಾಡಿ ಎಷ್ಟು ದೂರ ಓಡುತ್ತದೆ ಎನ್ನುವುದಕ್ಕೆ ಚಿಕ್ಕೋಡಿಯಿಂದ ಕಾಗವಾಡದವರೆಗೆ ಇದೊಂದೇ ಮಾತು. ಉತ್ತರ ಹೇಳುವಾಗ ಗಂಡಸರ ಮುಖ ನೋಡಬೇಕು, ಮಗ ಮೊದಲನೇ ನಂಬರು ಪಾಸಾದರೂ ಅಷ್ಟು ಬೀಗುವುದಿಲ್ಲ. ನನಗೆ ಮಾತ್ರ ಆವರೇಜು ಎಂಬ ಮಾತು ಕಿವಿಗೆ ಬಿದ್ದರೆ ಈಗಲೂ ಕೈಕಾಲು ತಣ್ಣಗಾಗುತ್ತವೆ. ಇಷ್ಟು ವರ್ಷವಾದರೂ ಆ ಹೆದರಿಕೆ ಹೋಗಿಲ್ಲ.

ಅದು ಎಂಬತ್ತರ ದಶಕದ ಕೊನೆ. ಶೇಡಬಾಳದ ಹೊರಗೆ, ದೊಡ್ಡ ರಸ್ತೆಯಿಂದ ಒಳಗೆ, ಹೊಲದಲ್ಲೇ ನಮ್ಮ ಮನೆ. ಹೊಲದ ಮನೆಗೆ ನಮ್ಮಲ್ಲಿ ವಸ್ತಿ ಅನ್ನುತ್ತಾರೆ. ನಾನು ಬಸುರಿ, ಎರಡನೆಯ ಸಲ. ಮೊದಲನೆಯ ಹೆರಿಗೆಗೆ ರೂಢಿಯಂತೆ ತವರಿಗೆ, ರಾಯಬಾಗದ ಕಡೆಯ ಹಳ್ಳಿಗೆ ಹೋಗಿದ್ದೆ. ನೋವು ಬರುವ ಮುಂಚೆಯೇ ರಕ್ತ ಹೋಗತೊಡಗಿತು. ಊರಲ್ಲಿ ಮೋಟಾರು ಇರಲಿಲ್ಲ. ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ಹೊರಟರು. ದಾರಿಯಲ್ಲೇ ಕೂಸು ಹುಟ್ಟಿತು. ಅಳಲಿಲ್ಲ. ನಮ್ಮವ್ವ ಅದನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಷ್ಟೇ ನನಗೆ ಗೊತ್ತು, ಮುಖವನ್ನೂ ತೋರಿಸಲಿಲ್ಲ.

ಎರಡನೆಯ ಬಸಿರು ನಿಂತಾಗ ನಮ್ಮ ಯಜಮಾನರು ಯಾರನ್ನೂ ಕೇಳದೆ ಹೋಗಿ ಒಂದು ಹಳೆಯ ಅಂಬಾಸಡರ್ ತಂದರು. ನನಗೋಸ್ಕರವೇ ತಂದದ್ದು, ಅದನ್ನು ಅಲ್ಲಗಳೆಯುವುದಿಲ್ಲ. ಗಡಿಯಾಚೆಯ ಮೀರಜಿನ ಆಸ್ಪತ್ರೆಯ ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, "ಈ ಸಲವೂ ಹಾಗೆ ಆಗಬಹುದು, ರಕ್ತ ಕಂಡ ಕೂಡಲೇ ಹೊರಟು ಬನ್ನಿ, ಒಂದು ಗಳಿಗೆಯೂ ಕೂಡಬೇಡಿ" ಎಂದಿದ್ದರು. ಅವತ್ತಿನಿಂದ ನನ್ನ ಜೀವವೆಲ್ಲ ಆ ಗಾಡಿಯ ಎಣ್ಣೆ ಟಾಕಿಯಲ್ಲಿತ್ತು. ಎಣ್ಣೆಯ ಮುಳ್ಳು ಕೆಟ್ಟು ಕೂತಿತ್ತು. ದಿನಾ ಸಂಜೆ ನಾನೇ ಹೋಗಿ ಜೋಳದ ದಂಟನ್ನು ಟಾಕಿಯೊಳಗೆ ಇಳಿಬಿಟ್ಟು, ಎಲ್ಲಿವರೆಗೆ ತೋಯ್ದಿದೆ ಎಂದು ನೋಡುತ್ತಿದ್ದೆ. ನೋಡದಿದ್ದರೆ ನಿದ್ದೆ ಬರುತ್ತಿರಲಿಲ್ಲ. ಯಜಮಾನರು ನಗುತ್ತಿದ್ದರು. ನಗಲಿ, ಎತ್ತಿನ ಗಾಡಿಯಲ್ಲಿ ಮಲಗಿದ್ದವಳು ನಾನು.

ದಿನ ತುಂಬುತ್ತ ಬಂದಾಗ ಒಂದು ಸಂತೆಯ ದಿವಸ ನನ್ನನ್ನು ನೋಡಲು ಇಬ್ಬರು ಬಂದರು. ಒಬ್ಬರು ನಾದಿನಿಯ ಗಂಡ, ಅಥಣಿಯವರು. ಗಡಿಯ ಊರಿನ ರೂಢಿಯಂತೆ ಮನೆಮಂದಿಯೆಲ್ಲ ಅವರನ್ನು ದಾಜಿ ಎನ್ನುತ್ತಿದ್ದೆವು. ಅವರದು ಆಗಷ್ಟೇ ನಮ್ಮ ಕಡೆ ಕಾಣತೊಡಗಿದ್ದ ಸಣ್ಣ ಬಿಳಿ ಕಾರು. ಇನ್ನೊಬ್ಬ ನಿಪ್ಪಾಣಿಯ ಮೈದುನ, ಯಜಮಾನರ ಚಿಕ್ಕಪ್ಪನ ಮಗ, ತಂಬಾಕಿನ ವ್ಯಾಪಾರ. ಅವನದು ಪದ್ಮಿನಿ ಕಾರು. ನೋಡಲು ಬಂದದ್ದು ನನ್ನನ್ನು, ನೋಡಿದ್ದೆಲ್ಲ ಒಬ್ಬರ ಗಾಡಿಯನ್ನು ಒಬ್ಬರು.

ಊಟಕ್ಕೆ ಕೂತಾಗಲೇ ಶುರುವಾಯಿತು.

"ನಂದು ನಿಮ್ಮ ಗಾಡಿ ಎರಡರಷ್ಟ ಕೊಡತೈತಿ," ಎಂದರು ದಾಜಿ, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ.

"ಹೊಸಾದು ಐತಿ, ಕೊಡತೈತ್ರಿ. ನಾಕ ಮಳಿಗಾಲ ಹೋಗ್ಲಿ, ಆಮ್ಯಾಲ ಮಾತಾಡೂಣು," ಎಂದ ಮೈದುನ.

ನಮ್ಮವರು ಸುಮ್ಮನಿರಬೇಕಲ್ಲ! "ನಂದು ಹಳೇದಿರಬಹುದು ದಾಜಿ, ಖರೆ ಓಡಸೂ ಕೈ ಮ್ಯಾಲ ಐತ್ರಿ ಎಲ್ಲಾ. ನನ್ನ ಕಾಲಾಗ ಆವರೇಜ್ ಐತಿ," ಎಂದರು.

"ಗಾಡಿಕಿಂತಾ ಮಾತ ಭಾಳ ಓಡಾಕತ್ತಾವ," ಎಂದೆ ನಾನು ಒಲೆಯ ಮುಂದಿನಿಂದ. ಮೂವರೂ ನಕ್ಕರು. ನಕ್ಕವರು ಅಲ್ಲಿಗೆ ಬಿಡಬಾರದೇ? ಕೈ ತೊಳೆಯುವುದರೊಳಗೆ ಪಂದ್ಯವೇ ನಿಶ್ಚಯವಾಗಿಹೋಗಿತ್ತು. ಖಾಲಿ ರಸ್ತೆಯಲ್ಲಿ ನೋಡಿದರೆ ಅದು ಆವರೇಜೇ ಅಲ್ಲವಂತೆ. ಸಂತೆಯ ಮಂದಿ, ಕಬ್ಬಿನ ಗಾಡಿ, ರಸ್ತೆಯ ಕುಣಿ-ಗುಂಡಿ, ದನ ಎಲ್ಲದರ ನಡುವೆ ದಿನಾ ಓಡಿಸುವ ಹಾಗೆಯೇ ಓಡಿಸಿ ನೋಡಬೇಕಂತೆ. ಮೂರೂ ಗಾಡಿಯ ಟಾಕಿ ಬರಿದು ಮಾಡುವುದು, ಹಾಲಿನ ಅರ್ಧ ಲೀಟರಿನ ಮಾಪಿನಿಂದ ಒಂದೊಂದಕ್ಕೂ ಅಷ್ಟೇ ಎಣ್ಣೆ ಹಾಕುವುದು, ಉಗಾರದ ದಿಕ್ಕಿಗೆ ಬಿಡುವುದು. ಎಲ್ಲಿ ನಿಲ್ಲುತ್ತದೋ ಅಲ್ಲೇ ನಿಲ್ಲಬೇಕು.

"ಎಣ್ಣಿ ಡಬ್ಬಿ ಜೋಡಿ ಒಯ್ಯೂದಿಲ್ಲೇನ್ರಿ?" ಎಂದು ಕೇಳಿದೆ.

"ಡಬ್ಬಿ ಒಯ್ದರ ಪಂದ್ಯ ಹೆಂಗ ಆತು? ನಡುವ ಯಾರರೆ ಹಾಕ್ಕೊಂಡ ಬಿಟ್ರ?" ಎಂದ ಮೈದುನ. ಒಂದೇ ಪಂಕ್ತಿಯಲ್ಲಿ ಕೂತು ಉಂಡ ಬೀಗರು, ಅಣ್ಣತಮ್ಮಂದಿರು, ಅರ್ಧ ಲೀಟರ್ ಎಣ್ಣೆಗೆ ಒಬ್ಬರನ್ನೊಬ್ಬರು ನಂಬಲಿಲ್ಲ. ಪಕ್ಕದ ಹೊಲದವರ ಟ್ರ್ಯಾಕ್ಟರು ಕಬ್ಬು ಇಳಿಸಿ ಬಂದ ಮೇಲೆ, ಡಬ್ಬಿಗಳನ್ನು ಹೊತ್ತು ಅವರನ್ನು ಹುಡುಕಿಕೊಂಡು ಹೋಗುವುದೆಂದು ಮಾತಾಯಿತು.

ಯಜಮಾನರು ರಬ್ಬರು ನಳಿಗೆಯನ್ನು ಬಾಯಿಗಿಟ್ಟು ಎಳೆದು, ನಮ್ಮ ಗಾಡಿಯ ಎಣ್ಣೆಯನ್ನು ಡಬ್ಬಿಗೆ ಬಸಿಯುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ. ಹೊಟ್ಟೆ ಹೊತ್ತುಕೊಂಡೇ ಅಂಗಳಕ್ಕೆ ಬಂದೆ.

"ರೀ, ಈ ಗಾಡಿ ಎಣ್ಣಿ ತಗೀಬ್ಯಾಡ್ರಿ. ಕೈಮುಗೀತೀನಿ. ಅವರಿಬ್ಬರೂ ಬೇಕಾದ್ದ ಮಾಡ್ಕೊಳ್ಳಲಿ."

ದಾಜಿಯ ಮುಂದೆ ಅವರಿಗೆ ಸಂಕೋಚವಾಯಿತು. "ಹುಚ್ಚಿ ಅದಿಯೇನ? ಡಾಕ್ಟರು ಹೇಳಿದ ದಿನಾ ಇನ್ನೂ ಎಲ್ಲೈತಿ? ಹೊತ್ತ ಮುಳುಗೂದ್ರಾಗ ಊಟಕ್ಕ ಬಂದಿರ್ತೀವಿ," ಎಂದರು. ನಾವು ಜೈನರು, ದೀಪ ಹಚ್ಚಿದ ಮೇಲೆ ಉಣ್ಣುವುದಿಲ್ಲ. ಹಾಗಾಗಿ ಅದು ದೊಡ್ಡ ಆಣೆಯೇ. ಮೂರು ಗಾಡಿಗಳು ಒಂದರ ಹಿಂದೊಂದು ಧೂಳೆಬ್ಬಿಸಿಕೊಂಡು ಹೋದವು. ಅಂಗಳ ಅಷ್ಟು ಬಿಕೋ ಎಂದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಸಿಟ್ಟಿನಲ್ಲಿ ಎಮ್ಮೆಗೆ ನೀರಿಡಲು ಬಗ್ಗಿದೆ. ಕಾಲ ಮೇಲೆ ಬೆಚ್ಚಗೆ ಏನೋ ಇಳಿಯಿತು. ಸೀರೆ ಎತ್ತಿ ನೋಡಿಕೊಂಡೆ. ರಕ್ತ.

ಕೈಯ ಕೊಡ ಉರುಳಿದ ಸದ್ದಿಗೆ ಒಳಗಿದ್ದ ಅತ್ತೆ ಓಡಿಬಂದರು. ನನ್ನನ್ನು ನೋಡಿ ಬಾಯಿ ಬಡಿದುಕೊಂಡರು. "ಯವ್ವಾ, ಗಾಡಿ ಎಲ್ಲೈತಿ?"

"ಮೂರ ಗಾಡಿ ಅದಾವ ಅತ್ತೀ," ಎಂದೆ, "ಒಂದೂ ಇಲ್ಲ."

ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗಿಸಿದರು. ಆಳುಗಳೆಲ್ಲ ಸಂತೆಗೆ ಹೋಗಿದ್ದರು. ಎತ್ತುಗಳು ಕಬ್ಬು ಹೊರಲು ಹೋಗಿದ್ದವು. ಮಾವನವರು ತೀರಿಕೊಂಡು ವರ್ಷಗಳೇ ಆಗಿದ್ದವು. ಮಲಗಿದಲ್ಲಿಂದ ನನಗೆ ಕೊಟ್ಟಿಗೆಯಲ್ಲಿ ಸಾಲಾಗಿ ಇಟ್ಟ ಎಣ್ಣೆಯ ಡಬ್ಬಿಗಳು ಕಾಣುತ್ತಿದ್ದವು. ಗೋಡೆಗೆ ಒರಗಿಸಿದ ಯಜಮಾನರ ಸೈಕಲ್ಲೂ ಕಾಣುತ್ತಿತ್ತು. ಎಣ್ಣೆ ಇದೆ, ಗಾಡಿ ಇಲ್ಲ. ಸೈಕಲ್ ಇದೆ, ತುಳಿಯಲು ಬರುವವರಿಲ್ಲ. ಅತ್ತೆ ದೊಡ್ಡ ರಸ್ತೆಯವರೆಗೂ ಓಡಿಹೋಗಿ ಸೆರಗು ಬೀಸಿ ನಿಂತರಂತೆ, ಒಂದು ಬಸ್ಸು ನಿಲ್ಲಿಸದೆಯೇ ಹೋಯಿತಂತೆ. ನನ್ನನ್ನು ಒಬ್ಬಳನ್ನೇ ಬಿಟ್ಟುಬಂದ ಹೆದರಿಕೆಗೆ ಮತ್ತೆ ಓಡಿಬಂದರು. ಪಕ್ಕದಲ್ಲಿ ಕೂತು ಣಮೋಕಾರ ಮಂತ್ರ ಹೇಳತೊಡಗಿದರು. ನಡುನಡುವೆ ಮಂತ್ರ ಮರೆತು, "ನನ್ನ ಮಗಾ ಹಾಳಾಗಿ ಹೋಗ್ಲಿ," ಅನ್ನುವರು, ಕೆನ್ನೆ ಕೆನ್ನೆ ಬಡಿದುಕೊಂಡು ಮತ್ತೆ ಮಂತ್ರ ಹಿಡಿಯುವರು.

ನಾನು ಸತ್ತರೆ ಸಾಯುತ್ತೇನೆ ಎಂದುಕೊಂಡೆ. ಆದರೆ ಈ ಕೂಸನ್ನೂ ಮುಖ ತೋರಿಸದೆ ಸುತ್ತಿಟ್ಟುಬಿಟ್ಟರೆ? ಆ ಯೋಚನೆ ಬಂದ ಕೂಡಲೇ ಕಾಲು ಜೋಡಿಸಿ ಬಿಗಿಹಿಡಿದು ಮಲಗಿದೆ, ಹಾಗೆ ಹಿಡಿದರೆ ನಿಲ್ಲುತ್ತದೆ ಅನ್ನುವ ಹಾಗೆ.

ಅಷ್ಟರಲ್ಲಿ ಹಿತ್ತಲ ಕಡೆಯಿಂದ ಚಪ್ಪಲಿಯ ಸಪ್ಪಳ. ಯಜಮಾನರು! ಅಂಬಾಸಡರ್ ಎಲ್ಲಕ್ಕಿಂತ ಮೊದಲು, ಒಂದು ಹರದಾರಿಯೂ ಹೋಗದೆ ನಿಂತುಬಿಟ್ಟಿತ್ತು. ಉಳಿದಿಬ್ಬರು ಕೈ ಬೀಸಿ ಮುಂದೆ ಹೋಗಿದ್ದರು. ಅವರಿಬ್ಬರೂ ಟ್ರ್ಯಾಕ್ಟರಿನ ಹಿಂದೆ ವಾಪಸು ಬರುವಾಗ ಅಂಬಾಸಡರ್ ಅಷ್ಟು ಸಮೀಪ ನಿಂತದ್ದನ್ನು ನೋಡಿ ನಗಬಾರದೆಂದು, ಯಜಮಾನರು ಗುಟ್ಟಾಗಿ ಡಬ್ಬಿ ಒಯ್ಯಲು ಹೊಲದಲ್ಲಿ ಅಡ್ಡ ಹಾಯ್ದು ಬಂದಿದ್ದರು.

"ಏ, ದಾಜಿ ಮುಂದ ಬಾಯಿ ಬಿಡಬ್ಯಾಡ ಮತ್ತ. ಇಲ್ಲೇ ಬಾಜೂಕ..." ಎನ್ನುತ್ತಲೇ ಒಳಗೆ ಬಂದವರು ನನ್ನ ಸೀರೆ ನೋಡಿದರು. ಅತ್ತೆ ಕೊಟ್ಟಿಗೆಯಿಂದ ಒಂದು ಡಬ್ಬಿ ತಂದು ಅವರ ಎದೆಗೆ ಒತ್ತಿ, "ಓಡಲೇ!" ಎಂದು ಚೀರಿದರು.

ಸೈಕಲ್ ಹಿಡಿದು ಹೋದರು. ಅವರು ಗಾಡಿ ತರುವವರೆಗಿನ ಆ ಹೊತ್ತನ್ನು ಹೇಗೆ ಕಳೆದೆನೋ ದೇವರೇ ಬಲ್ಲ. ಬರಿದಾದ ಇಂಜಿನ್ನು ಬೇಗ ಹತ್ತುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಹತ್ತಿತು. ಗಾಡಿ ಅಂಗಳಕ್ಕೆ ಬಂತು. ಅತ್ತೆ ಹಿಂದಿನ ಸೀಟಿನಲ್ಲಿ ನನ್ನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತರು. ಮೀರಜಿನ ದಾರಿ ಹಿಡಿದೆವು.

ಕಾಗವಾಡದವರೆಗೂ ಕಬ್ಬಿನ ಗಾಡಿಗಳ ಸಾಲು. ಯಜಮಾನರು ಹಾರ್ನ್ ಹೊಡೆದು ಹೊಡೆದು ದಾಟಿಸಿದರು. ಊರು ದಾಟಿ ರಸ್ತೆ ತೆರಪಾದರೂ ಗಾಡಿ ಓಡಲೊಲ್ಲದು. ತಲೆ ಎತ್ತಿ ನೋಡಿದೆ. ಅವರ ಕಾಲು ಮೊಟ್ಟೆಯ ಮೇಲೆ ಇಟ್ಟಂತೆ ಮೆಲ್ಲಗೆ ಎಕ್ಸಿಲೇಟರ್ ಮೇಲಿತ್ತು. ಎಣ್ಣೆ ಉಳಿಸಿ ಉಳಿಸಿ ಕಾಲಿಗೆ ಅದೇ ಅಭ್ಯಾಸ.

"ತುಳೀರಿ!" ಎಂದು ಕಿರುಚಿದೆ. "ನಿಮ್ಮ ಆವರೇಜಿಗೆ ಬೆಂಕಿ ಹತ್ತಲಿ, ತುಳೀರಿ!"

ತುಳಿದರು. ಗಾಡಿ ಎಗರಿಕೊಂಡು ಓಡಿತು. ಮುಂದೆ ಹಳ್ಳಕ್ಕೆ ಇಳಿಯುವ ಉದ್ದನೆಯ ಇಳಿಜಾರು ಬಂತು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಇದ್ದಕ್ಕಿದ್ದಂತೆ ಸದ್ದೆಲ್ಲ ನಿಂತುಹೋಯಿತು. ಇಂಜಿನ್ನಿನ ಗುಡುಗುಡು ಇಲ್ಲ. ಟೈರುಗಳ ಸರ್ರನೆಯ ಸದ್ದು ಮಾತ್ರ.

"ಏನಾತ್ರಿ? ಎಣ್ಣಿ ಮುಗೀತಾ?"

ಕಣ್ಣು ತೆರೆದು ತಲೆ ಎತ್ತಿದೆ. ಚಾವಿಯ ಮೇಲೆ ಅವರ ಕೈ ಇತ್ತು, ಅದನ್ನು ಅವರೇ ದಿಟ್ಟಿಸುತ್ತಿದ್ದರು. ಇಳಿಜಾರು ಕಂಡರೆ ಇಂಜಿನ್ ಬಂದ್ ಮಾಡಿ ಗಾಡಿಯನ್ನು ಹಾಗೇ ಉರುಳಲು ಬಿಡುವುದು ನಮ್ಮ ಕಡೆ ಗಾಡಿ ಓಡಿಸುವವರ ಚಟ. ಆ ಹೊತ್ತಿನಲ್ಲೂ, ಹೆಂಡತಿ ಹಿಂದೆ ರಕ್ತದಲ್ಲಿ ಮಲಗಿದ್ದರೂ, ಅವರಿಗೆ ಅರಿವಿಲ್ಲದೆ ಕೈ ತನ್ನ ಕೆಲಸ ಮಾಡಿಬಿಟ್ಟಿತ್ತು. ಚಾವಿ ತಿರುವಿದರು. ಕಟ್ ಎಂದಿತು, ಹತ್ತಲಿಲ್ಲ. ಮತ್ತೆ ತಿರುವಿದರು. ಹತ್ತಲಿಲ್ಲ. ಬ್ಯಾಟರಿಯ ಜೀವವೆಲ್ಲ ಮೊದಲ ಸಲ ಹತ್ತಿಸುವುದರಲ್ಲೇ ಹೋಗಿತ್ತೇನೋ.

ಆ ನಿಶ್ಶಬ್ದದಲ್ಲಿ ನನಗೆ ಇನ್ನೊಂದು ತಿಳಿಯಿತು. ಹೊಟ್ಟೆಯಲ್ಲಿ ಕೂಸು ಅಲುಗಾಡುತ್ತಿಲ್ಲ. ಯಾವಾಗಿನಿಂದ ಅಲುಗಾಡಿಲ್ಲ? ಮನೆಯಲ್ಲಿ? ಕಾಗವಾಡದಲ್ಲಿ? ನೆನಪಾಗಲಿಲ್ಲ. ಎರಡೂ ಕೈ ಹೊಟ್ಟೆಯ ಮೇಲೆ ಒತ್ತಿಟ್ಟುಕೊಂಡೆ. ಏನೂ ಇಲ್ಲ. ಗಾಡಿ ಸುಮ್ಮನೆ ಕೆಳಗೆ ಕೆಳಗೆ ಉರುಳುತ್ತಿತ್ತು, ಹಳ್ಳದ ತಳಕ್ಕೆ ಹೋಗಿ ನಿಂತರೆ ಮತ್ತೆ ಏರುವ ದಾರಿ ಇಲ್ಲ. ಅಷ್ಟು ಹೆದರಿಕೆ ನನ್ನ ಜನ್ಮದಲ್ಲಿ ಆಗಿಲ್ಲ. ಅತ್ತೀ, ಕೂಸು ಹೋತು, ಎಂದು ಹೇಳಬೇಕೆಂದೆ. ಹೇಳಿದರೆ ನಿಜವಾಗಿಬಿಡುತ್ತದೆಂದು ತುಟಿ ಕಚ್ಚಿ ಹಿಡಿದೆ.

ಯಜಮಾನರು ಗೇರು ಹಾಕಿ ಒಮ್ಮೆಲೇ ಕ್ಲಚ್ ಬಿಟ್ಟರು. ಗಾಡಿ ಇಡೀ ಮೈ ಜಾಡಿಸಿಕೊಂಡು ಜಗ್ಗಿತು. ನನ್ನ ಮೊಣಕಾಲು ಮುಂದಿನ ಸೀಟಿಗೆ ಬಡಿಯಿತು. ಇಂಜಿನ್ ಕೆಮ್ಮಿ ಹತ್ತಿಕೊಂಡಿತು. ಆ ಪೆಟ್ಟಿಗೆ ಪಕ್ಕೆಲುಬಿನ ಕೆಳಗೆ ಕೂಸು ಒದೆಯಿತು. ಸಿಟ್ಟು ಬಂದವರ ಹಾಗೆ ಮತ್ತೊಮ್ಮೆ ಒದೆಯಿತು.

"ಅತ್ತೀ, ಜೀವ ಐತಿ!" ಎಂದೆ. ಇಬ್ಬರೂ ಹೋ ಎಂದು ಅತ್ತುಬಿಟ್ಟೆವು. ಯಜಮಾನರು ಹಿಂದೆ ತಿರುಗಿ ನೋಡಲಿಲ್ಲ. ಕಾಲೊತ್ತಿ ತುಳಿಯುತ್ತಲೇ ಹೋದರು.

ಮೀರಜಿನಲ್ಲಿ ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ಹೆಣ್ಣು. ಎಚ್ಚರವಾದಾಗ ಮೊದಲು ಕೇಳಿಸಿದ್ದೇ ಅದರ ಅಳು. ನನ್ನದೇ ಕೂಸಿನ ಅಳು ಎಂದು ಯಾರೋ ಹೇಳಬೇಕಾಯಿತು, ನನಗೆ ನಂಬಿಕೆ ಬರಲಿಲ್ಲ. ಮುಖ ತೋರಿಸಿ ಎಂದು ನರ್ಸಮ್ಮನನ್ನು ಮತ್ತೆ ಮತ್ತೆ ಪೀಡಿಸಿದೆ.

ಮರುದಿನ ದಾಜಿ, ಮೈದುನ ಇಬ್ಬರೂ ಬಂದರು. ಕೂಸಿನ ಕೈಗೆ ನೋಟು ಹಿಡಿಸಿ, ನನ್ನನ್ನು ಮಾತಾಡಿಸಿದರು. ಅಷ್ಟಕ್ಕೇ ದಾಜಿಯ ನಾಲಿಗೆ ನಿಲ್ಲಬೇಕಲ್ಲ. ಅವರ ಸಣ್ಣ ಕಾರು ಉಗಾರ ದಾಟಿ ಎಷ್ಟೋ ಮುಂದೆ ಹೋಗಿ ನಿಂತಿತ್ತಂತೆ, ಟ್ರ್ಯಾಕ್ಟರಿನವನಿಗೆ ಹುಡುಕಲು ಕತ್ತಲಾಯಿತಂತೆ. ಕುಚೇಷ್ಟೆಯಿಂದಲ್ಲ, ಮಾತಿನ ಭರದಲ್ಲೇ ಯಜಮಾನರನ್ನು ಕೇಳಿಬಿಟ್ಟರು, "ನಿಂದು ಎಲ್ಲಿ ನಿಂತಿತ್ತೋ?"

ಯಜಮಾನರು ಕೂಸಿನ ಕಾಲು ಹಿಡಿದುಕೊಂಡು ಕೂತಿದ್ದರು.

"ಮನಿ ಹತ್ರನ ನಿಂತಿತ್ರಿ ದಾಜಿ," ಎಂದರು. "ಭಾಳ ಹತ್ರ ನಿಂತಿತ್ತು."

ಅಷ್ಟು ಹೇಳಿ ಕೂಸಿನ ಕಾಲಿಗೆ ಹಣೆ ಹಚ್ಚಿ, ಇಬ್ಬರ ಮುಂದೆಯೇ ಬಿಕ್ಕಿ ಬಿಕ್ಕಿ ಅತ್ತರು. ಮೈದುನ ಹೊರಗೆ ಹೋದ. ನಾನು ಮಲಗಿದಲ್ಲೇ ಲೆಕ್ಕ ಹಾಕಿದೆ. ನಮ್ಮ ಗಾಡಿಯೂ ದಾಜಿಯ ಗಾಡಿಯಷ್ಟು ಓಡಿದ್ದರೆ ಇವರೂ ಉಗಾರದ ಆಚೆ ಟ್ರ್ಯಾಕ್ಟರಿಗೆ ಕಾಯುತ್ತ ಕೂತಿರುತ್ತಿದ್ದರು. ಹೊಲಿಗೆಯ ನೋವನ್ನೂ ಲೆಕ್ಕಿಸದೆ ಎದ್ದು ಕೂತು, "ಕೂಸನ್ನ ನನ್ನ ಕಡೆ ಕೊಡ್ರಿ, ಈಗ ಕೊಡ್ರಿ," ಎಂದೆ.