ಕತ್ತರಿಸಿದ ಕಾಲು ಚಿಗುರುವ ಕೋಣೆ

ಬೆಳಗಿನ ಐದೂವರೆ. ಕಾಲೇಜಿನ ನೆಲಮಾಳಿಗೆಯ ಪ್ರಯೋಗಾಲಯದಲ್ಲಿ, ಪತ್ರಿಕೆಗೆ ಬರೆಯಲು ಬಂದ ನನ್ನೆದುರು, ಇಲ್ಲಿನ ಪ್ರಾಣಿಗಳನ್ನು ನೋಡಿಕೊಳ್ಳುವ ಅವರು ಎಡಗಾಲು ಎಳೆಯುತ್ತ ಡಬ್ಬಿಯಿಂದ ಡಬ್ಬಿಗೆ ಹೋಗುತ್ತಿದ್ದಾರೆ. ಒಟ್ಟು ಇನ್ನೂರ ಹನ್ನೆರಡು ಡಬ್ಬಿ, ಒಂದೊಂದರಲ್ಲೂ ಒಂದೊಂದು ಸಾಲಮಾಂಡರ್. ನೋಡಲು ಹಲ್ಲಿ, ಸಂಬಂಧದಲ್ಲಿ ಕಪ್ಪೆಯ ಕಡೆಯದು. "ಜೊತೇಲಿ ಬಿಟ್ರೆ ಒಬ್ಬರ ಕಾಲು ಒಬ್ಬರು ತಿಂತಾರೆ. ಅದೂ ಒಡಹುಟ್ಟಿದವರು!" ಎನ್ನುತ್ತ ನೀರು ಬದಲಿಸುತ್ತಾರೆ.

ಹತ್ತೊಂಬತ್ತು ವರ್ಷಗಳಿಂದ ದಿನಗೂಲಿ. ಇಲ್ಲಿಂದ ಹೊರಟ ಯಾವ ಸಂಶೋಧನಾ ಪ್ರಬಂಧದಲ್ಲೂ ಅವರ ಹೆಸರಿಲ್ಲ. ವಿದ್ಯಾರ್ಥಿಗಳ ಬಾಯಲ್ಲಿ ಅವರು 'ತೊಟ್ಟಿ ಮಾಮ'. ಆದರೆ ಪ್ರಯೋಗಕ್ಕೆಂದು ಕತ್ತರಿಸಿದ ಕಾಲು ಮರಳಿ ಬರುವುದನ್ನು ಅವರಷ್ಟು ಸಲ ಕಂಡವರು ಈ ಕಟ್ಟಡದಲ್ಲೇ ಇಲ್ಲ. "ಒಂದು ದಿನದಲ್ಲಿ ತೆಳ್ಳಗೆ ಚರ್ಮ ಮುಚ್ಕೊಳ್ಳತ್ತೆ. ಅದರಡಿ ಸುತ್ತಲಿನ ಜೀವಕೋಶಗಳು ಹಳೇ ಕೆಲಸ ಬಿಟ್ಟು, ಎಳೇವಾಗಿ ಒಂದೆಡೆ ಸೇರ್ತವೆ. ಮೊಗ್ಗು ಕಟ್ಟತ್ತೆ. ಎರಡು ತಿಂಗಳಿಗೆ ಬೆರಳು ಎಣಿಸಬಹುದು."

ಆರು ವಾರದ ಹಿಂದೆ ಅವರ ಗಂಬೂಟಿನೊಳಗೆ ಮೊಳೆಯೊಂದು ಹೊಕ್ಕು ಎಡಗಾಲಿನ ಹೆಬ್ಬೆರಳಿಗೆ ಚುಚ್ಚಿತ್ತು. ಸಕ್ಕರೆ ಕಾಯಿಲೆಯಿಂದ ಪಾದದ ನರ ಸತ್ತು ಸ್ಪರ್ಶವೇ ಇಲ್ಲ. ಸಂಜೆ ಕಾಲುಚೀಲದ ರಕ್ತ ನೋಡಿದಾಗಲೇ ಗೊತ್ತಾದದ್ದು. ಆಗ ಅವರು ಆಸ್ಪತ್ರೆಗೆ ಹೋಗಲಿಲ್ಲ. ಹೆಬ್ಬೆರಳು ಒಣಗದಂತೆ ಹಗಲೂ ರಾತ್ರಿ ಒದ್ದೆ ಬಟ್ಟೆ ಸುತ್ತಿದರು. ಒದ್ದೆಯಲ್ಲಿದ್ದರೆ ಚಿಗುರುತ್ತದೆ ಎಂಬ ಈ ಕೋಣೆಯ ಪಾಠವನ್ನಷ್ಟೇ ಅವರು ನಂಬಿದ್ದರು.

ಈಗ ಬೆರಳು ಕಪ್ಪಾಗಿದೆ. ಇಂದು ಹತ್ತು ಗಂಟೆಗೆ ಅದನ್ನು ತೆಗೆಯದಿದ್ದರೆ ನಂಜು ಪಾದಕ್ಕೇರುತ್ತದೆ ಎಂದಿದ್ದಾರೆ ಡಾಕ್ಟರು. ಆಸ್ಪತ್ರೆಯ ಫೈಲು ಹಿಡಿದು ಹೆಂಡತಿ ಬಾಗಿಲಲ್ಲೇ ನಿಂತಿದ್ದಾರೆ.

"ಎರಡು ಸಲ ಆಪರೇಷನ್ ತಪ್ಪಿಸ್ಕೊಂಡು ಇಲ್ಲಿಗೆ ಓಡಿಬಂದ್ರಿ. ಇವುಗಳ ಜೊತೆ ಇದ್ದು ಇದ್ದು ನೀವೂ ಹಲ್ಲಿ ಆಗ್ಬಿಟ್ರಾ?"

"ಇನ್ನೊಂದು ವಾರ ನೋಡೋಣ ಕಣೇ."

"ಏನು ನೋಡೋದು? ಮೊಗ್ಗಾ?"

ಅವರು ಹೆಂಡತಿಗೆ ಬೆನ್ನು ಮಾಡಿ ಕೊನೆಯ ಸಾಲಿನ ಡಬ್ಬಿಗಳತ್ತ ನನ್ನನ್ನು ಕರೆದೊಯ್ಯುತ್ತಾರೆ. ಇವಕ್ಕೆ ಮುಂಗಾಲಿನ ಜೊತೆ, ಮೇಲೆ ಭುಜದ ಹತ್ತಿರ ನರವನ್ನೂ ಕತ್ತರಿಸಲಾಗಿದೆ. ಅದೇ ನೀರು, ಅದೇ ಆಹಾರ. ಆದರೂ ಮೊಂಡುಗಾಲು ಮೊಂಡಾಗಿಯೇ ಇದೆ. ನಾನು ಕಾರಣ ಕೇಳುತ್ತೇನೆ.

"ನರ ಬಂದು ಮುಟ್ಟದೆ ಮೊಗ್ಗು ಕಟ್ಟಲ್ಲ ಮೇಡಂ. ನರ ಇಲ್ಲದ ಕಡೆ ಎಷ್ಟು ಕಾದರೂ..."

ಅವರು ತಮ್ಮ ಪಾದವನ್ನೇ ನೋಡುತ್ತಾರೆ. ನಾನು ಬರೆಯುವುದನ್ನು ನಿಲ್ಲಿಸುತ್ತೇನೆ.

ಅವರು ಉಳಿದ ಡಬ್ಬಿಗಳಿಗೆ ಆಹಾರ ಹಾಕಿ, ಕೈ ತೊಳೆದು, "ನಡಿ, ತಡವಾಯ್ತು" ಎನ್ನುತ್ತಾರೆ. ಮೆಟ್ಟಿಲ ಬಳಿ, ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ಈ ಕೋಣೇಲಿ ಗಾಯ ಗಟ್ಟಿಯಾಗಿ ಕಲೆ ಬಿತ್ತು ಅಂದ್ರೆ ಕಾಲು ಬರಲ್ಲ ಅಂತ ಲೆಕ್ಕ. ಅದು ಬೀಳದ ಹಾಗೆ ಹತ್ತೊಂಬತ್ತು ವರ್ಷ ಕಾದಿದೀನಿ," ಎಂದು ಗೋಡೆ ಹಿಡಿದು ಒಂದು ಮೆಟ್ಟಿಲು ಹತ್ತುತ್ತಾರೆ. "ನಂಗೆ ಗಾಯ ಮಾಯ್ದು ಕಲೆ ಬಿದ್ರೆ ಸಾಕು ಮೇಡಂ. ಬೇಗ ಬೀಳ್ಲಿ."