ಕರಜಗಿಗೆ ಜೀಪಿನಲ್ಲಿ ಹೋದ ಆಯಿ

ಮೊನ್ನೆ ಸಕ್ಕರೆ ಕಾಯಿಲೆಯ ತಪಾಸಣೆಗೆಂದು ಸೊಲ್ಲಾಪುರದ ದವಾಖಾನೆಯೊಂದರಲ್ಲಿ ತೋಳು ಚಾಚಿ ಕೂತಿದ್ದೆ. ರಕ್ತ ತೆಗೆಯುವ ಹುಡುಗಿ ರಬ್ಬರ್ ಪಟ್ಟಿ ಬಿಗಿಯುತ್ತ ನನ್ನ ಭುಜದ ಕೆಳಗಿನ ದುಂಡನೆಯ ಕಲೆ ನೋಡಿದಳು.

"ಆಜಿ, ಇದೇನ್ರಿ? ಸುಟ್ಟಿತ್ತೇನು?"

"ದೇವಿ ಹಾಕಿಸಿದ್ದವಾ," ಅಂದೆ.

"ಅಂದ್ರ?"

ಮೈಲಿ ಅಂದೆ, ಸಿಡುಬು ಅಂದೆ, ಅವ್ವ ಅಂದೆ. ಹುಡುಗಿ ಸ್ವಲ್ಪ ಯೋಚಿಸಿ, "ಹಾಂ, ಪುಸ್ತಕದಾಗ ಒಂದ್ ಪುಟ ಇತ್ರಿ. ಪರೀಕ್ಷಾಕ್ಕ ಬರೂದಿಲ್ಲಂತ ಸರ್ ಬಿಡಿಸಿದ್ರು," ಅಂದಳು.

ಈಗಿನವರಿಗೆ ಏನೂ ಗೊತ್ತಿಲ್ಲ ಎಂದು ನನ್ನ ವಯಸ್ಸಿನವಳು ಗೊಣಗಬೇಕಾದ ಜಾಗ ಅದು. ನನಗೋ ಆ ಕುರ್ಚಿಯಲ್ಲೇ ಎದ್ದು ಕುಣಿಯಬೇಕೆನ್ನಿಸಿತು. ಪರೀಕ್ಷೆಗೂ ಬರದಷ್ಟು ಸತ್ತುಹೋಗಿದೆ ಅದು! ಈ ಖುಷಿ ಯಾಕೆಂದು ನಿಮಗೆ ತಿಳಿಯಬೇಕಾದರೆ ನಮ್ಮ ಆಯಿಯ ಕಥೆ ಹೇಳಬೇಕು.

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮನೆಯಲ್ಲಿ ಆಯಿ ಅಂದರೆ ಅಜ್ಜಿ. ಮರಾಠಿಯವರಿಗೆ ಆಯಿ ಅಂದರೆ ತಾಯಿ. ಸೊಲ್ಲಾಪುರದಲ್ಲಿ ಈ ಒಂದು ಮಾತಿನಿಂದ ಆಗಿರುವ ಗೊಂದಲಗಳನ್ನು ಬರೆಯಲು ಕೂತರೆ ಬೇರೆ ಪುಸ್ತಕವೇ ಬೇಕು. ನಮ್ಮದು ಚಾದರ ವ್ಯಾಪಾರದ ಮನೆತನ. ಒಳಗೆ ಕನ್ನಡ, ಅಂಗಡಿಯಲ್ಲಿ ಮರಾಠಿ, ಜಗಳಕ್ಕೆ ಎರಡೂ. ಅಪ್ಪನ ತಾಯಿಯಾದ ಆಯಿಯ ಮುಖದ ಮೇಲೆ ಬೆರಳ ತುದಿ ಇಡಲೂ ನುಣುಪಾದ ಜಾಗವಿರಲಿಲ್ಲ. ಚಿಕ್ಕ ವಯಸ್ಸಿನಲ್ಲಿ ಬಂದ ಸಿಡುಬು ಎಡಗಣ್ಣನ್ನು ಒಯ್ದಿತ್ತು. ಮುಂದೆ ಆಕೆಯ ಎರಡು ಕೂಸುಗಳನ್ನೂ ಅದೇ ಒಯ್ದಿತು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಆಯಿಯೂ ಗುಡಿ ಬಿಟ್ಟರೆ ಹೊಸ್ತಿಲು ದಾಟುತ್ತಿರಲಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಬಿ.ಎ. ಮುಗಿಸಿ ವರನ ದಾರಿ ನೋಡುತ್ತ ಕೂತಿದ್ದೆ. ಖರೆ ಹೇಳಬೇಕೆಂದರೆ, ಅವನು ಬಾರದಿರಲೆಂದು ಕಾಯುತ್ತಿದ್ದೆ. ಅದೇ ಹೊತ್ತಿಗೆ ಸಿಡುಬನ್ನು ಜಗತ್ತಿನಿಂದಲೇ ಓಡಿಸುವ ಕೆಲಸ ಭರದಿಂದ ನಡೆದಿತ್ತು. ಅಕ್ಕಲಕೋಟ ತಾಲೂಕಿನ ಹಳ್ಳಿಗಳಲ್ಲಿ ಮನೆಮನೆ ತಿರುಗಿ ರೋಗ ಹುಡುಕಲು ಕನ್ನಡ ಬಲ್ಲ ಹೆಣ್ಣುಮಕ್ಕಳು ಬೇಕಾಗಿದ್ದರು. ಅಪ್ಪ ಕೇಳಿದ್ದೇ ತಡ, "ವ್ಯಾಪಾರಸ್ಥರ ಮಗಳು ಊರೂರು ತಿರುಗಿ ಬ್ಯಾನಿ ಹುಡುಕೂದು? ಮಂದಿ ಏನಂದಾರು?" ಅಂದ.

ಆಯಿ ಒಳಗಿನಿಂದಲೇ ಅಂದಳು: "ಕಳಸೋ ಅಕಿನ್ನ. ಅದು ಸತ್ತದ್ದು ನಾ ನೋಡಬೇಕು."

ಅಪ್ಪ ಮರುದಿನವೇ ನನಗೊಂದು ಛತ್ರಿ ಕೊಂಡು ತಂದ.

ಹೊಸ ಸೀರೆ, ಹೊಸ ಛತ್ರಿ ಹಿಡಿದು ನಾನು ಮೈಂದರ್ಗಿಯ ಬಸ್ಸಿಳಿದ ದಿನ ಯಾರಾದರೂ ನೋಡಿದ್ದರೆ ಬೀಗರ ಮನೆಗೆ ಬಂದವಳೆಂದೇ ತಿಳಿಯುತ್ತಿದ್ದರು. ಕೈಯಲ್ಲೊಂದು ಚಿತ್ರವಿತ್ತು, ಮುಖದ ತುಂಬ ಸಿಡುಬಿನ ಗುಳ್ಳೆ ಎದ್ದ ಕೂಸಿನದು. ಅದನ್ನು ತೋರಿಸಿ, ಇಂಥ ಮುಖ ಎಲ್ಲಾದರೂ ನೋಡಿದ್ದೀರಾ ಎಂದು ಕೇಳಬೇಕು. ಮೊದಲ ಕಟ್ಟೆಯ ಮೇಲಿದ್ದ ಹಿರಿಯರು ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು, "ಯಾರ ಕೂಸವಾ ಇದು? ಎಂದ ಕಳಕೊಂಡ್ರಿ?" ಎಂದು ಕಣ್ಣೀರು ತಂದರು. ಅವರನ್ನು ಸಮಾಧಾನ ಮಾಡುವುದರಲ್ಲೇ ನನ್ನ ಮೊದಲ ಮಧ್ಯಾಹ್ನ ಮುಗಿಯಿತು.

ಆದರೆ ಎಂಥ ದಿನಗಳವು! ಧೂಳು, ಬಿಸಿಲು, ನಾಯಿಗಳು. ಸಂಜೆ ಮನೆಗೆ ಬಂದರೆ ಆಯಿ ಬಾಗಿಲಲ್ಲೇ, "ಸಿಕ್ಕಿತೇನ?" ಅನ್ನುವಳು. ಇಲ್ಲ ಅಂದರೆ, "ಅಡಗಿ ಕುಂತಿರ್ತೈತಿ, ಬಿಡಬ್ಯಾಡ್ರಿ," ಅನ್ನುವಳು, ತೋಳನ ಬೆನ್ನು ಹತ್ತಿದವರಿಗೆ ಹೇಳುವ ಹಾಗೆ.

ಸಿಕ್ಕಿದ್ದು ಕರಜಗಿಯಲ್ಲಿ. ಊರ ಹೊರಗೆ ಕುರಿ ಸಾಕುವವರ ಮನೆಯೊಂದರ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದೆ ಎಂದು ಸುದ್ದಿ ಬಂತು. ನಮ್ಮ ಡಾಕ್ಟರು ಪುಣೆಯ ಕಡೆಯವರು, ಕನ್ನಡ ಬಾರದವರು, ಬಲು ಅವಸರದ ಮನುಷ್ಯ. ನಾವು ಜೀಪಿಳಿದಾಗ ಬಾಗಿಲು ಮುಚ್ಚಿತ್ತು. ಒಳಗಿನಿಂದ ಹೆಣ್ಣುಮಗಳೊಬ್ಬಳ ದನಿ:

"ಹೋಗ್ರಿ ನೀವು. ಮನ್ಯಾಗ ಅವ್ವ ಬಂದಾಳ. ಸೂಜಿ ಕಂಡ್ರ ಸಿಟ್ಟಾಗ್ತಾಳ, ನನ್ನ ಮಗನ್ನ ಒಯ್ತಾಳ."

ಆಕೆಯ ಹೆಸರು ಮಾಳವ್ವ ಎಂದು ಪಕ್ಕದವರು ಹೇಳಿದರು. ನಾನು ಬೇಡಿದೆ, ವಾದಿಸಿದೆ, ಬಿ.ಎ. ಓದಿದ್ದನ್ನೆಲ್ಲ ಖರ್ಚು ಮಾಡಿದೆ. ಬಾಗಿಲು ಅಲುಗಲಿಲ್ಲ. ಡಾಕ್ಟರು ಪೊಲೀಸರನ್ನು ಕರೆಯುವ ಮಾತಾಡಿದರು. ಪೊಲೀಸರು ಬಂದರೆ ಈಕೆ ಕೂಸನ್ನು ಕಟ್ಟಿಕೊಂಡು ಹಿಂಬಾಗಿಲಿಂದ ಓಡುತ್ತಾಳೆ, ರೋಗವೂ ಅವಳ ಜೊತೆ ಓಡುತ್ತದೆ ಎಂದು ನನಗೆ ಗಾಬರಿ. "ನಾಳೆ ಬೆಳಿಗ್ಗೆವರೆಗೆ ತಡೀರಿ, ನನ್ನ ಆಯಿಯನ್ನು ಕರೆತರುತ್ತೇನೆ," ಅಂದೆ. ಮನೆ ಕಾಯಲು ಒಬ್ಬನನ್ನು ನಿಲ್ಲಿಸಿ ಅವರು ಒಪ್ಪಿದರು.

ಮರುದಿನ ಜೀಪು ನಮ್ಮ ಓಣಿಗೆ ಬಂದಾಗ ಡಾಕ್ಟರು ನನ್ನ ತಾಯಿಯ ದಾರಿ ನೋಡುತ್ತಿದ್ದರು. ಹೊರಬಂದದ್ದು ಹಸಿರು ಇಳಕಲ್ ಸೀರೆಯ ಮುದುಕಿ. ಸೀದಾ ಹೋಗಿ ಮುಂದಿನ ಸೀಟಿನಲ್ಲಿ ಕೂತಳು, ಡಾಕ್ಟರು ಹಿಂದೆ ಸರಿದರು. ಅಪ್ಪ ಬಾಗಿಲಲ್ಲಿ ಬಾಯಿ ತೆರೆದು ನಿಂತಿದ್ದ. ಊರು ದಾಟಿದ ಮೇಲೆ ಆಯಿ, "ಇನ್ನಷ್ಟು ಜೋರ ಬಿಡಾಕ ಬರೂದಿಲ್ಲೇನಪಾ?" ಎಂದು ಡ್ರೈವರನನ್ನು ಕೇಳಿದಳು.

ಮಾಳವ್ವನ ಮನೆ ಮುಂದೆ ಆಯಿ ಏನೂ ಉಪದೇಶ ಮಾಡಲಿಲ್ಲ. ಕಟ್ಟೆಯ ಮೇಲೆ ಕೂತು, "ಯವ್ವಾ, ಬಿಸಲಾಗ ಬಂದೀನಿ, ಒಂದ ತಂಬಗಿ ನೀರ ಕೊಡ," ಅಂದಳು. ನೀರು ಕೇಳಿದವರಿಗೆ ಬಾಗಿಲು ಮುಚ್ಚುವ ಊರಲ್ಲ ಅದು. ಮಾಳವ್ವ ತಂಬಿಗೆ ಹಿಡಿದು ಹೊರಬಂದಳು, ಆಯಿಯ ಮುಖ ನೋಡಿ ಅಲ್ಲೇ ನಿಂತಳು.

"ನಿಮಗೂ ಬಂದಿದ್ಲೇನ್ರಿ?"

"ಬಂದಿದ್ಲವಾ. ನನಗ ಈ ಮುಖ ಕೊಟ್ಲು. ನನ್ನ ಎರಡ ಕೂಸು ಒಯ್ದ್ಲು. ನಾನೂ ನಿನ್ನಂಗ ಬಾಗಲಾ ಹಾಕ್ಕೊಂಡ ಕುಂತಿದ್ದೆ."

ಆಯಿ ತಂಬಿಗೆ ಇಸಕೊಂಡು ನೀರು ಕುಡಿದಳು. ಆಮೇಲೆ ಆಯಿ ಅಂದಳು: "ನಿನ್ನ ಮಗಗ ಯಾರೂ ಸೂಜಿ ಚುಚ್ಚೂದಿಲ್ಲ. ಬಂದಾಕಿಗೆ ಮಾನಾ ಮಾಡಿ ಇಲ್ಲಿಂದನ ಕಳಸೂನು. ಆದ್ರ ಬಾಜೂ ಮನಿ ಕೂಸಿನ ಕಡೆ ಹೋಗಗೊಡೂದು ಬ್ಯಾಡ. ಅಷ್ಟ ನನ್ನ ಮಾತ ಕೇಳ."

ಮಾಳವ್ವ ಅತ್ತಳು. ಬಾಗಿಲು ತೆರೆಯಿತು. ಒಳಗೆ ಬೇವಿನೆಲೆಗಳ ಮೇಲೆ ಮಲಗಿದ್ದ ಕೂಸಿನ ಅಂಗೈ ತಿರುಗಿಸಿ ನೋಡಿದರು ಡಾಕ್ಟರು. ಅಂಗೈ ತುಂಬ ಒಂದೇ ಅಳತೆಯ ಗಟ್ಟಿ ಗುಳ್ಳೆಗಳು. ಕಾಂಜಿಣ್ಯಾ ಎನ್ನುವ ಸೀತಾಳೆ ಸಿಡುಬಲ್ಲ, ಗೊಬ್ಬರ ಎನ್ನುವ ದಡಾರವೂ ಅಲ್ಲ. ಅದೇ.

ಆಮೇಲೆ ನಡೆದದ್ದನ್ನು ನಡೆದದ್ದು ಅನ್ನಬಾರದು, ಓಡಿದ್ದು ಅನ್ನಬೇಕು. ಎರಡು ಕವಲಿನ ಸಣ್ಣ ಸೂಜಿ ಹಿಡಿದು ನಾವು ಮನೆಯಿಂದ ಮನೆಗೆ ಓಡಿದೆವು. ಜನ ಹಿಂಜರಿದಾಗ ಆಯಿ ತನ್ನ ತೋಳನ್ನೇ ಮುಂದೆ ಚಾಚಿದಳು. ಒಮ್ಮೆ ಸಿಡುಬು ಬಂದವರಿಗೆ ಇದರ ಅಗತ್ಯವಿಲ್ಲ ಎಂದು ಡಾಕ್ಟರು ಹೇಳಿದರೆ, "ನನಗಲ್ಲೋ ತಮ್ಮಾ, ಅವರು ನೋಡ್ಲಿ," ಅಂದಳು. ಮಾಳವ್ವನ ಗಂಡ ಮಗನ ಪಕ್ಕದಲ್ಲೇ ಮಲಗಿದ್ದವನು ಕುರಿ ಹೊಡೆದುಕೊಂಡು ತಡವಳದ ಕಡೆ ಹೋಗಿದ್ದ. ಅವನು ಹೋದಲ್ಲೆಲ್ಲ ರೋಗ ಹೋಗಬಹುದು. ಜೋಳದ ಹೊಲಗಳ ನಡುವಿನ ಬಂಡಿ ದಾರಿಯಲ್ಲಿ ಜೀಪು ಹಾರುತ್ತ ಹೋಯಿತು. ಹಿಂಡು ಕಂಡೊಡನೆ ನಾನು ಜಿಗಿದು, ಛತ್ರಿ ಬೀಸುತ್ತ ಓಡಿದೆ. ಕುರಿಗಳು ದಿಕ್ಕಾಪಾಲಾದವು. ಅವನು ಕೈಯಲ್ಲಿನ ಬಡಿಗೆ ಬಿಟ್ಟು ನೆಲಕ್ಕೆ ಕುಸಿದ. ನಾನು ಕೆಟ್ಟ ಸುದ್ದಿ ತಂದಿದ್ದೇನೆ ಎಂದುಕೊಂಡಿದ್ದ.

"ಅದಾನ! ನಿನ್ನ ಮಗ ಅದಾನ!" ಎಂದು ನಾನು ಕೂಗಿದ ಕೂಗು ಕುರಿ ಕಾಯುವವರ ದೇವರು ಬೀರೋಬನಿಗೂ ಕೇಳಿಸಿರಬೇಕು. ಅಲ್ಲೇ, ಕುರಿಗಳ ನಡುವೆ, ಅವನ ತೋಳಿಗೆ ಚುಚ್ಚಿದೆವು.

ಆಮೇಲಿನ ವಾರಗಳು ಉಸಿರು ಬಿಗಿಹಿಡಿದ ವಾರಗಳು. ಇನ್ನೊಂದು ಮನೆಗೆ ಹೋಯಿತೇ, ಹೋಗಲಿಲ್ಲವೇ? ಹೋಗಲಿಲ್ಲ. ಮಾಳವ್ವನ ಮನೆಯಲ್ಲೇ ನಿಂತುಹೋಯಿತು. ಕೂಸು ಎದ್ದು ಕೂತ ಸುದ್ದಿ ತಂದಾಗ ಆಯಿ ಕೇಳಿದ್ದು ಒಂದೇ ಮಾತು: "ಕಣ್ಣು?"

"ಎರಡೂ ಅದಾವು, ಆಯಿ."

ಆಕೆ ಸೆರಗಿನಿಂದ ತನ್ನ ಒಂದು ಕಣ್ಣನ್ನು ಒತ್ತಿಕೊಂಡಳು. ಅತ್ತ, ನನ್ನನ್ನು ನೋಡಬೇಕಿದ್ದ ವರನ ಕಡೆಯವರು ನಾನು ಸಿಡುಬಿನ ಮನೆ ಹೊಕ್ಕದ್ದು ಕೇಳಿ ಬರಲೇ ಇಲ್ಲ. ಅವರಿಗೆ ನಾನು ಇಂದಿಗೂ ಋಣಿ. ಮುಂದೆ ಆರೋಗ್ಯ ಖಾತೆಯಲ್ಲೇ ಕಾಯಂ ಆದೆ.

ದೇಶದಲ್ಲಿ ಸಿಡುಬು ಇನ್ನಿಲ್ಲ ಎಂದು ರೇಡಿಯೋ ಹೇಳಿದ ದಿನ ಆಯಿ ಓಣಿಗೆಲ್ಲ ಪೇಢೆ ಹಂಚಿ, ನನ್ನ ಕೈ ಹಿಡಿದು ಫೋಟೊ ಸ್ಟುಡಿಯೋಕ್ಕೆ ನಡೆದಳು. ಜನ್ಮದಲ್ಲಿ ಮೊದಲ ಫೋಟೊ. ಸ್ಟುಡಿಯೋದವನು ಪಾಪ, ಒಳ್ಳೆಯ ಮನಸ್ಸಿನಿಂದಲೇ, "ಮುಖದ ಮ್ಯಾಲಿನ ಕಲೆ ತಗದ ಕೊಡ್ತೀನ್ರಿ, ಯಾರಿಗೂ ತಿಳಿಯೂದಿಲ್ಲ," ಅಂದ.

"ತಗೀಬ್ಯಾಡೋ," ಅಂದಳು ಆಯಿ. "ಇನ್ನ ಮ್ಯಾಲ ಇಂಥಾ ಮುಖ ನೋಡಾಕ ಸಿಗೂದಿಲ್ಲ."

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ನನ್ನ ನೌಕರಿಯ ಉತ್ತರಾರ್ಧದಲ್ಲಿ ಎಚ್‌ಐವಿ ಬಂತು. ಎಲ್ಲೋ ಸಮುದ್ರದಾಚೆಯ ಸುದ್ದಿ ಎಂದುಕೊಂಡಿದ್ದು ಲಾರಿಗಳ ಹಾದಿ ಹಿಡಿದು ನಮ್ಮ ಹಳ್ಳಿಗಳಿಗೂ ಇಳಿಯಿತು. ಸಿಡುಬಿನಂತೆ ಇದು ಮುಖದ ಮೇಲೆ ಬರೆಯುತ್ತಿರಲಿಲ್ಲ, ಚಿತ್ರ ತೋರಿಸಿ ಹುಡುಕುವ ಹಾಗಿರಲಿಲ್ಲ. ದುಡಿಯುವ ವಯಸ್ಸಿನವರನ್ನೇ ಒಯ್ದು, ಮನೆಗಳಲ್ಲಿ ಮುದುಕಿಯರನ್ನೂ ಮೊಮ್ಮಕ್ಕಳನ್ನೂ ಉಳಿಸಿತು. ಬಾಗಿಲುಗಳು ಮತ್ತೆ ಮುಚ್ಚಿದವು, ಈ ಸಲ ನಾಚಿಕೆಗೆ. "ಆಗ ಸೂಜಿ ತಂದಿದ್ರಲ್ಲ ಬಾಯಾರ, ಇದಕ್ಕ ಸೂಜಿ ಎಲ್ಲೈತ್ರಿ?" ಎಂದು ಜನ ಕೇಳುತ್ತಿದ್ದರು. ಗೆದ್ದವರ ಕಾಲ ನಮ್ಮದೊಂದೇ, ಅದು ಆಗಿಹೋಯಿತು ಎಂದುಕೊಂಡೇ ನಿವೃತ್ತಳಾದೆ.

ಇದನ್ನೆಲ್ಲ ರಕ್ತ ತೆಗೆಯುವ ಹುಡುಗಿಗೆ ಹೇಳುತ್ತ ಹೋದೆ. ಅವಳು ಹತ್ತಿ ಒತ್ತಿ ಹಿಡಿದು ಕೇಳುತ್ತಲೇ ಇದ್ದಳು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಆಜಿ, ಹೆಸರ ಹೇಳೂಹಂಗಿಲ್ಲ. ಎಚ್‌ಐವಿ ಇದ್ದಾಕಿ ಒಬ್ಬಾಕಿ ಅದಾಳ್ರಿ. ಕೂಸಿಗಿ ಹತ್ತಬಾರದಂತ ಬಸರಿ ಇದ್ದಾಗಿಂದ ಒಂದ್ ದಿವ್ಸಾನೂ ಗುಳಿಗಿ ತಪ್ಪಿಸಿಲ್ಲ. ಕೂಸಿನ ಕಡೀ ತಪಾಸಣಿ ಇವತ್ತ ಮುಂಜಾನಿ ಆತು."

"ಏನಾತವಾ?"

"ಇಲ್ರಿ! ಕೂಸಿಗಿ ಬಂದೇ ಇಲ್ರಿ! ಮುಂಜಾನಿಯಿಂದ ಯಾರಿಗರೆ ಹೇಳಬೇಕಂತ ಹೊಟ್ಟಿ ಉಬ್ಬಾಕತ್ತೈತಿ ನನಗ!"

ನನಗೆ ನಗು ಬಂತು. ಅವಳೂ ನಕ್ಕಳು. ಇಬ್ಬರೂ ಕೈಕೈ ಹಿಡಿದುಕೊಂಡು ಎಷ್ಟು ನಕ್ಕೆವೆಂದರೆ ಹೊರಗಿನ ಸಾಲಿನಿಂದ ಒಬ್ಬರು ರೇಗಿ ಕೂಗಿದರು: "ಅಲ್ರೀ, ಒಳಗ ರಕ್ತ ತಗ್ಯಾಕತ್ತೀರೋ ಏನ ಮದವಿ ಮಾಡಾಕತ್ತೀರೋ?"

"ಬರ್ರಿ, ಬರ್ರಿ," ಎಂದೆ ನಾನು, ಎದ್ದು ಕುರ್ಚಿ ಬಿಟ್ಟುಕೊಡುತ್ತ. "ಚೊಲೋ ಕೈ ಅದಾವ್ರಿ ಈ ಹುಡುಗೀವು."